ಎದುರುಬದುರು ಪುಟಗಳು

ಹಕ್ಕಿ ನೋಡಲು ಹೊರದೇಶಕ್ಕೆ ಹೋಗುವವರೆಲ್ಲ ಅಂಗಡಿಗೆ ಬಂದು ಕೇಳುವುದು ಒಂದೇ: ಈ ಪುಟದಲ್ಲಿ ಚಿತ್ರ, ಎದುರು ಪುಟದಲ್ಲಿ ಅದರ ಬರಹ ಇರುವ ಕೈಪಿಡಿ. ಅಂದು ಬಂದ ಗಾಜು ಕತ್ತರಿಸುವ ಕೆಲಸದವನು ಮಾತ್ರ ಉಲ್ಟಾ ಕೇಳಿದ.

"ಚಿತ್ರ ಎಲ್ಲ ಒಂದು ಕಡೆ, ಬರಹ ಎಲ್ಲ ಇನ್ನೊಂದು ಕಡೆ ಇರೋದು ಇದ್ರೆ ಕೊಡಿ."

ಅಂಗಡಿಯಾಕೆ ಕನ್ನಡಕದ ಮೇಲಿಂದ ನೋಡಿದಳು. "ಅಂಥದ್ದನ್ನ ಯಾರೂ ಒಯ್ಯಲ್ಲ ಸಾರ್. ನೀವು ಪುಟ ಹುಡುಕೋದ್ರೊಳಗೆ ಹಕ್ಕಿ ಮೊಟ್ಟೆ ಇಟ್ಟು ಮರಿ ಮಾಡಿರುತ್ತೆ."

"ನಮಗೆ ಅದನ್ನ ಸೀಳೋಕಿದೆ," ಎಂದ ಅವನು.

ಪುಸ್ತಕ ಮಾರಿ ಹೊಟ್ಟೆ ಹೊರೆಯುವವಳ ಮುಂದೆ ಆಡುವ ಮಾತೇ ಅದು? ಆಕೆ ಕೌಂಟರಿನ ಮೇಲಿದ್ದ ಕತ್ತರಿಯನ್ನು ತನ್ನ ಕಡೆ ಎಳೆದುಕೊಂಡಳು. ಆದರೆ ಅವನು ಹೇಳಿದ್ದು ನಿಜ. ಅವನ ಅಕ್ಕ ಪುಸ್ತಕಕ್ಕೆ ಬೈಂಡು ಹಾಕುವವಳು. ಹಕ್ಕಿಗಳ ಹುಚ್ಚು ಇಬ್ಬರಿಗೂ ಇತ್ತು, ಪುಸ್ತಕ ಮಾತ್ರ ಒಂದೇ ಕೊಳ್ಳುತ್ತಿದ್ದರು. ಅಕ್ಕ ಅದರ ಬೆನ್ನನ್ನು ಚಾಕುವಿನಿಂದ ಸೀಳಿ, ಎರಡು ಭಾಗ ಮಾಡಿ, ಒಂದೊಂದಕ್ಕೂ ಹೊಸ ರಟ್ಟು ಕಟ್ಟುವಳು. ಚಿತ್ರದ ಭಾಗ ತಮ್ಮನಿಗೆ, ಬರಹದ್ದು ಅವಳಿಗೆ.

ಯಾಕೆಂದರೆ ಈ ಮಹಾಶಯನಿಗೆ ದೂರದ ಕೊಂಬೆಯ ತುದಿಯಲ್ಲಿ ಕೂತ ಹಕ್ಕಿಯ ಹುಬ್ಬು ಕಾಣುತ್ತದೆ, ಕೈಯಲ್ಲಿರುವ ಅಕ್ಷರ ಕಾಣುವುದಿಲ್ಲ. ಓದುವ ಕನ್ನಡಕ ಹಾಕಪ್ಪ ಎಂದರೆ ಮುದುಕನ ಹಾಗೆ ಕಾಣುತ್ತೇನೆಂದು ಜಂಭ. ಅವನನ್ನು ಯಾರು ನೋಡುತ್ತಾರೋ ದೇವರೇ ಬಲ್ಲ. ಹಾಗಾಗಿ ಅವನು ಚಿತ್ರ ನೋಡಿ ಅದರ ದಪ್ಪ ಸಂಖ್ಯೆ ಕೂಗಬೇಕು, ಅಕ್ಕ ತನ್ನ ಭಾಗದಲ್ಲಿ ಅದನ್ನು ಹುಡುಕಿ ಓದಬೇಕು.

"ಕೊಕ್ಕು ಹಳದಿಯೇನೋ?"

"ಹಳದಿ."

"ಕಾಲು?"

"ಹುಲ್ಲಲ್ಲಿ ನಿಂತಿದೆ, ಕಾಲು ಎಲ್ಲಿಂದ ತರಲಿ?"

ಇಬ್ಬರೂ ಮುನಿಸಿಕೊಂಡ ದಿನ ಯಾವ ಹಕ್ಕಿಗೂ ಹೆಸರು ಸಿಗುತ್ತಿರಲಿಲ್ಲ.

ಇಷ್ಟು ವರ್ಷ ಬಸ್ಸು ಹೋಗುವಲ್ಲಿಗೆ ಹೋದದ್ದಾಯಿತು, ಒಂದು ಸಲವಾದರೂ ಸಮುದ್ರ ದಾಟಬೇಕೆಂಬುದು ಅಕ್ಕನ ಆಸೆ. ಅವರು ಆರಿಸಿಕೊಂಡಿದ್ದ ದೇಶದ ಗುಡ್ಡಗಳಲ್ಲಿ, ಬಾಲವೇ ಇಲ್ಲವೇನೋ ಎನ್ನುವಂಥ ಒಂದು ಪುಟ್ಟ ಹಕ್ಕಿ ಝರಿಯ ಕಲ್ಲುಗಳ ನಡುವೆ ಓಡಾಡುತ್ತದಂತೆ. ಅದನ್ನು ನೋಡಬೇಕು. ಟಿಕೆಟ್ಟನ್ನೂ ಮಾಡಿಸಿದ್ದರು. ಅಷ್ಟರಲ್ಲಿ ಅವಳ ಶ್ವಾಸಕೋಶ ಕೈಕೊಟ್ಟಿತು. ಅಡುಗೆಮನೆಯಿಂದ ಕೋಣೆಗೆ ಬರುವ ದಾರಿಯಲ್ಲಿ ಈಗ ಒಂದು ಕುರ್ಚಿ ಹಾಕಿದ್ದರು, ನಡುವೆ ಕೂತು ಸುಧಾರಿಸಿಕೊಳ್ಳಲಿಕ್ಕೆ. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ವಿಮಾನವೂ ಬೇಡ, ಗುಡ್ಡವೂ ಬೇಡ ಎಂದು ಬಿಡಿಸಿ ಹೇಳಿದ್ದರು. ತಮ್ಮನ ಕಿವಿಗೆ ಬಿದ್ದದ್ದು ಗುಡ್ಡ ಒಂದೇ.

ಗುಡ್ಡ ಬೇಡವೆಂದರೆ ಕೆರೆಬಯಲು ಇದೆಯಲ್ಲ! ಆ ದೇಶಕ್ಕೆ ಮೂರು ಕೈಪಿಡಿಗಳಿದ್ದವು: ಗುಡ್ಡದ್ದು, ಕರಾವಳಿಯದು, ಕೆರೆಬಯಲಿನದು. ಕೆರೆಬಯಲಿನಲ್ಲಿ ನೀರಿನ ಅಂಚಿನವರೆಗೂ ಕಾರು ಹೋಗುತ್ತದೆ, ಕೂರಲು ಬೆಂಚುಗಳಿವೆ ಎಂದು ಅದರ ಮುನ್ನುಡಿಯಲ್ಲಿತ್ತು. ಅಷ್ಟನ್ನು ಅಂಗಡಿಯಾಕೆಯ ಕೈಲೇ ಓದಿಸಿಕೊಂಡ. ಅದೃಷ್ಟಕ್ಕೆ ಅದರ ಹಳೆಯ ಪ್ರತಿಯೊಂದು ಕಪಾಟಿನ ತಳದಲ್ಲಿತ್ತು. ಚಿತ್ರ ಮುಂದೆ, ಬರಹ ಹಿಂದೆ. ಗೆದ್ದೆ ಎಂದುಕೊಂಡು ಮನೆಗೆ ಬಂದ.

ಮೇಜಿನ ಮೇಲೆ ಚಾಕು, ಅಂಟು, ರಟ್ಟು ಎಲ್ಲ ಜೋಡಿಸಿಟ್ಟು ಅಕ್ಕನನ್ನು ಕರೆದ. ಅವಳು ನಡುವಿನ ಕುರ್ಚಿಯಲ್ಲಿ ಒಮ್ಮೆ ಕೂತು ಎದ್ದು ಬಂದಳು. ಪುಸ್ತಕದ ಬೆನ್ನು ಸವರಿ, ಹೊಲಿಗೆ ನೋಡಿ, "ಯಾರೋ ಕೆಲಸ ಬಲ್ಲವರೇ ಮಾಡಿದ್ದಾರೆ," ಎಂದಳು. ಚಾಕು ಮುಟ್ಟಲಿಲ್ಲ.

"ಇದನ್ನ ವಾಪಸ್ ಕೊಟ್ಟು ಗುಡ್ಡದ್ದು ತಗೊಂಡು ಬಾ."

"ಗುಡ್ಡ ಹತ್ತೋಕೆ ನಿನ್ ಕೈಲಿ ಆಗಲ್ಲ ಅಕ್ಕ."

"ನೀನು ಹತ್ತೋ. ಮತ್ತೆ, ಚಿತ್ರ ಬರಹ ಎದುರುಬದುರು ಇರುತ್ತಲ್ಲ, ಅಂಥದ್ದೇ ತಗೋ."

ಅವನು ಚಾಕುವನ್ನು ಅವಳ ಕಡೆ ಸರಿಸಿದ. "ಅದನ್ನ ಸೀಳೋಕಾಗಲ್ಲ."

"ಸೀಳೋದು ಬೇಡ."

ಡಾಕ್ಟರು ಹೇಳಿದಾಗ ಕೇಳಿಸದೆ ಹೋದದ್ದು ಈಗ ಕೇಳಿಸಿತು. ಅವನು ಚಿಕ್ಕ ಮಗುವಿನ ಹಾಗೆ ಹಠ ಹಿಡಿದ. ಟಿಕೆಟ್ಟು ಹರಿದು ಹಾಕುತ್ತೇನೆ, ನಾನೂ ಹೋಗುವುದಿಲ್ಲ, ಆ ಬಾಲವಿಲ್ಲದ್ದು ಹಾಳಾಗಿ ಹೋಗಲಿ ಎಂದು ಕೂಗಾಡಿದ. ಅಕ್ಕ ಉಸಿರು ಕೂಡಿಸಿಕೊಂಡಳು.

"ಲೋ ಗೂಬೆ, ಕೂತ್ಕೋ. ನೀನು ಈಗ ಹೋಗ್ದೆ ಇದ್ರೆ, ನಾನಿಲ್ಲದ ಮೇಲೆ ಮನೆ ಬಿಟ್ಟು ಹೊರಗೂ ಹೋಗಲ್ಲ. ನನಗೆ ಗೊತ್ತು. ಅದನ್ನ ನೆನೆಸ್ಕೊಂಡ್ರೆ ನನಗೆ ಇರೋ ಉಸಿರೂ ನಿಲ್ಲುತ್ತೆ. ಹೋಗಿ ಅದನ್ನ ನೋಡ್ಕೊಂಡು ಬಂದು ನನಗೆ ಹೇಳು."

"ಬರೋ ಹೊತ್ತಿಗೆ ನೀನು..."

"ಇಲ್ದೆ ಇದ್ರೂ ಹೇಳು. ನಾನು ಕೇಳಿಸ್ಕೊಳ್ತಿದ್ದೀನಾ ಇಲ್ವಾ ಅಂತ ನೀನು ಯಾವತ್ತು ನೋಡಿದ್ದೀಯ?"

ಅವನಿಗೆ ನಗುವೂ ಬಂತು, ಅಳುವೂ ಬಂತು. ಅಕ್ಕ ತನ್ನ ಸೆರಗಿನಿಂದಲೇ ಅವನ ಮುಖ ಒರೆಸಿದಳು. ಆಮೇಲೆ ಮೇಜಿನ ಮೇಲಿದ್ದ ಚಾಕುವನ್ನು ಮಡಿಸಿ, ಡ್ರಾಯರಿನೊಳಗೆ ಇಟ್ಟಳು.

"ಹಾಗೇ ಒಂದು ಕನ್ನಡಕ ಮಾಡಿಸ್ಕೋ," ಎಂದಳು. "ಅಲ್ಲಿ ಯಾರೂ ಓದಿ ಹೇಳಲ್ಲ."

ಮರುದಿನ ಅಂಗಡಿಯಾಕೆ ಏನೂ ಕೇಳದೆ ಪುಸ್ತಕ ಬದಲಿಸಿ ಕೊಟ್ಟಳು. "ಇದು ಒಳ್ಳೇದು ಸಾರ್, ಒಬ್ಬರೇ ಹೋಗೋರಿಗೂ ಸಲೀಸು," ಎಂದಳು. ಅವನು ತಲೆಯಾಡಿಸಿ ಪಕ್ಕದ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದ.

ಕನ್ನಡಕದವನು ಒಂದಾದ ಮೇಲೊಂದು ಗಾಜು ಹಾಕಿ ತೆಗೆದು, ಕೊನೆಗೆ ಓದಿ ನೋಡಿ ಎಂದು ಅಕ್ಷರದ ರಟ್ಟು ಕೊಡಲು ಬಂದ. ಇವನು ಚೀಲದಿಂದ ತನ್ನ ಪುಸ್ತಕವನ್ನೇ ತೆಗೆದ. ಆ ಹಕ್ಕಿಯ ಚಿತ್ರ ಬೇಗ ಸಿಕ್ಕಿತು. ಎದುರು ಪುಟದಲ್ಲಿ ಅಕ್ಷರಗಳು ಕುಣಿಯದೆ ನೆಟ್ಟಗೆ ನಿಂತಿದ್ದವು. ಅಕ್ಕ ಓದುತ್ತಿದ್ದಂತೆಯೇ ಗಟ್ಟಿಯಾಗಿ ಓದಿದ.

"ಬಾಲ ಬಲು ಮೋಟು. ಕೊಕ್ಕು ಕಪ್ಪು. ಕಾಲು..."

ಕಾಲಿನವರೆಗೆ ಬಂದದ್ದೇ ಓದು ನಿಂತಿತು. ಕೆನ್ನೆಯ ಮೇಲೆ ನೀರಿಳಿಯುವುದನ್ನು ನೋಡಿ ಕನ್ನಡಕದವನಿಗೆ ಪಾಪ ಅನ್ನಿಸಿತು.

"ಮೊದಲ ಸಲ ಸುಮಾರು ಜನ ಹೀಗೇ ಬೇಜಾರು ಮಾಡ್ಕೋತಾರೆ ಸಾರ್," ಎಂದ. "ವಯಸ್ಸು ಯಾರಿಗೆ ತಪ್ಪಿದ್ದು ಹೇಳಿ. ಚೆನ್ನಾಗೇ ಕಾಣ್ತೀರ. ಅಕ್ಷರ ಸರಿಯಾಗಿ ಕಾಣ್ತಿದೆ ತಾನೇ? ಇನ್ನೂ ಮಂಜು ಮಂಜಾಗಿದ್ರೆ ಬೇರೆ ಗಾಜು ಹಾಕ್ತೀನಿ."

"ಬೇಡ, ಗಾಜು ಸರಿಯಾಗಿದೆ," ಎಂದ ಅವನು. "ಸ್ವಲ್ಪ ಹೊತ್ತು ಬಿಟ್ಟು ಓದ್ತೀನಿ."