ಬಿದ್ದ ಸವಾರನ ಮೇಲೆ ಕಟ್ಟಿದ ಬಾಜಿ

ಸಂಜೆ ಆಯಿತೆಂದರೆ ಶಿವಮೂರ್ತಿಯ ಅಂಗಡಿಯಲ್ಲಿ ಪಂಕ್ಚರ್ ಕೆಲಸವೂ ನಡೆಯುತ್ತಿರಲಿಲ್ಲ. ಬಿಚ್ಚಿದ ಟ್ಯೂಬು ನೀರಿನ ಬಾಂಡ್ಲಿಯಲ್ಲೇ ತೇಲುತ್ತಿತ್ತು. ಶಿವಮೂರ್ತಿ ಸ್ಟೂಲಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ.

"ಅಣ್ಣ, ನನ್ ಸೈಕಲ್ಲು?"

"ನಾಳೆ ಬಾ ಕಣಪ್ಪ."

"ನೆನ್ನೇನೂ ಇದ್ನೇ ಅಂದೆ!"

"ನಾಳೆ ಅಂದ್ನಲ್ಲ, ಓಗು!"

ಗುಂಡ್ಲುಪೇಟೆಯಲ್ಲಿ ಸೈಕಲ್ ರಿಪೇರಿ ಎಂದರೆ ಶಿವಮೂರ್ತಿ. ಅವನು ಹಿಂದೆ ಹೀಗಿರಲಿಲ್ಲ. ಚಕ್ರ ಸೊಟ್ಟಗಾಗಿದ್ದರೆ ಒಮ್ಮೆ ತಿರುಗಿಸಿ, ಯಾವ ಕಡ್ಡಿ ಸಡಿಲ ಎಂದು ಕಿವಿಯಲ್ಲೇ ಹೇಳುತ್ತಿದ್ದ. ಹುಡುಗನಾಗಿದ್ದಾಗ ದಸರಾ ಸೈಕಲ್ ಸ್ಪರ್ಧೆಯಲ್ಲಿ ಓಡಿಸಿದವನು. ಈಗ ಅವನ ಮಗಳು ಸುಧಾಮಣಿ ಒಂಬತ್ತನೇ ಕ್ಲಾಸು. ಅಪ್ಪನ ಹಳೇ ರೇಸಿಂಗ್ ಸೈಕಲ್ಲಿನಲ್ಲಿ ಅವಳೂ ದಿನಾ ಬೆಳಗ್ಗೆ ತೆರಕಣಾಂಬಿ ಕಡೆಗೆ ಹೋಗಿ ಬರುತ್ತಿದ್ದಳು. ಚಾಮರಾಜನಗರದಲ್ಲಿ ನಡೆಯುವ ಹುಡುಗಿಯರ ಸೈಕಲ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು.

ಮೊಬೈಲಿನ ಹುಚ್ಚು ಹತ್ತಿಸಿದವನು ಪಕ್ಕದ ಮೊಬೈಲ್ ಅಂಗಡಿಯ ಸಾಗರ್.

"ಅಣ್ಣ, ಫಾರಿನ್ನಲ್ಲಿ ದೊಡ್ ಸೈಕಲ್ ರೇಸ್ ನಡೀತಾ ಅದೆ. ದಿನಕ್ಕೊಂದು ಹಂತ. ಯಾರ್ ಗೆಲ್ತಾರೆ ಅಂತ ಈ ಆಪಲ್ಲಿ ದುಡ್ ಕಟ್ಬೋದು. ನಮ್ಗೆಲ್ಲ ಗೊತ್ತಾಗಲ್ಲ. ನಿಂಗೆ ಸೈಕಲ್ ಇಚಾರ ಗೊತ್ತಲ್ಲ!"

ಆ ಮಾತು ಶಿವಮೂರ್ತಿಗೆ ಹಿಡಿಸಿತು. ಸುಮ್ಮನೆ ನೋಡೋಣ ಎಂದು ಸ್ವಲ್ಪ ಹಣ ಹಾಕಿದ. ಗೆದ್ದ. ಮರುದಿನವೂ ಗೆದ್ದ. ನಾಗರತ್ನ, ಅವನ ಹೆಂಡತಿ, ಮೈಸೂರು ಪಾಕು ಯಾಕೆ ತಂದಿರಿ ಎಂದು ಕೇಳಿದಾಗ ಮೀಸೆ ತಿರುವಿದ. ಆಮೇಲೆ ಸೋಲು ಶುರುವಾಯಿತು. ಸೋತದ್ದನ್ನು ತಿರುಗಿ ಪಡೆಯಲು ಇನ್ನಷ್ಟು ಹಾಕಿದ. ಅದೂ ಹೋಯಿತು. ಮೊದಲು ಗೆದ್ದ ಹಣವನ್ನಾದರೂ ಬ್ಯಾಂಕಿಗೆ ಹಾಕಿಕೊಳ್ಳೋಣ ಎಂದರೆ, ಇನ್ನೊಂದಿಷ್ಟು ಆಡಿದ ಮೇಲೆ ಮಾತ್ರ ತೆಗೆಯಬಹುದು ಎಂದು ಆಪು ಹೇಳಿತು.

ನಾಗರತ್ನಳಿಗೆ ಅನುಮಾನ ಬಂತು. ಒಂದು ಸಂಜೆ ಅಂಗಡಿಗೇ ಬಂದು ಕೇಳಿದಳು.

"ಇದೇನ್ರೀ, ಜೂಜಾಡ್ತಾ ಇದೀರಾ?"

"ಜೂಜಲ್ಲ ಕಣೆ. ಇಸ್ಪೀಟಲ್ಲಿ ಯಾವ ಎಲೆ ಬತ್ತದೆ ಅಂತ ಯಾರಿಗ್ ಗೊತ್ತು? ಇದ್ರಲ್ಲಿ ಸವಾರನ ಕಾಲು, ಭುಜ ನೋಡುದ್ರೆ ಗೊತ್ತಾಯ್ತದೆ. ನಾನು ತಿಳ್ಕೊಂಡು ಆಡ್ತೀನಿ."

ಅದೇ ಹೊತ್ತಿಗೆ ತಹಸೀನ್ ತನ್ನ ಸೈಕಲ್ಲು ತೆಗೆದುಕೊಂಡು ಹೋಗಲು ಬಂದಿದ್ದಳು. ಅವಳು ಟೈರ್ ಅಂಗಡಿ ಅಬ್ದುಲ್ ಜಬ್ಬಾರ್ ಸಾಹೇಬರ ಮಗಳು. ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ. ಕುಡಿತ, ಜೂಜು ಬಿಡಲಾಗದವರು, ಮನಸ್ಸು ಕುಗ್ಗಿದವರು ಅವಳ ಬಳಿ ಬಂದು ಮಾತಾಡಿ ಹೋಗುತ್ತಿದ್ದರು. ನಾಗರತ್ನಳ ಮಹಿಳಾ ಸಂಘದ ಸಭೆಗೂ ಬರುತ್ತಿದ್ದಳು.

"ಶಿವಮೂರ್ತಣ್ಣ, ನೀವು ಸವಾರನ್ನ ನೋಡ್ತೀರಾ, ಸರಿ. ಆದ್ರೆ ಆಪ್ ನಡೆಸೋನು ನಿಮ್ಮನ್ನ ನೋಡ್ತಾ ಇರ್ತಾನೆ. ಎಷ್ಟು ಹೊತ್ತಿಗೆ ಬತ್ತೀರಾ, ಸೋತ ಮೇಲೆ ಎಷ್ಟು ಹಾಕ್ತೀರಾ, ಎಲ್ಲಾ ಅವನಿಗೆ ಗೊತ್ತು. ಮೊದ್ಲು ಗೆಲ್ಲಿಸೋದು, ಆಮೇಲೆ ಎಳ್ಕೊಳೋದು. ಸೈಕಲ್ ಗೊತ್ತಿದ್ರೆ ಅದುಕ್ಕೇನೂ ಆಗಲ್ಲ ಅಣ್ಣ."

"ಆಸ್ಪತ್ರೆಗೆ ಬರೋ ಕುಡುಕ್ರಿಗೆ ಏಳವ್ವ ಇದ್ನೆಲ್ಲ," ಎಂದು ಶಿವಮೂರ್ತಿ ನಕ್ಕ. "ಬ್ರೇಕ್ ಸರಿ ಮಾಡಿವ್ನಿ, ನೋಡ್ಕೊಂಡು ಓಗು."

ರೇಸಿನ ಕೊನೆಯ ಹಂತ ಭಾನುವಾರ. ಅದಕ್ಕೆ ಮೊದಲು ಶಿವಮೂರ್ತಿಯ ಕೈ ಪೂರ್ತಿ ಬರಿದಾಗಿತ್ತು. ಆಗ ಹರವೆಯ ಮರಿಮಲ್ಲಪ್ಪ ಮಗನಿಗೆ ಒಂದು ಒಳ್ಳೆ ಸೈಕಲ್ ಹುಡುಕುತ್ತಾ ಅಂಗಡಿಗೆ ಬಂದ. ಗೋಡೆಗೆ ತೂಗು ಹಾಕಿದ್ದ ಸುಧಾಮಣಿಯ ರೇಸಿಂಗ್ ಸೈಕಲ್ಲಿನ ಮೇಲೆ ಅವನ ಕಣ್ಣು ಬಿತ್ತು.

"ಇದ ಕೊಡ್ತೀಯಾ?"

ಶಿವಮೂರ್ತಿ ಬಾಯಿ ತೆರೆದು ಕೊಡಲ್ಲ ಎನ್ನಬೇಕಿತ್ತು. ಎನ್ನಲಿಲ್ಲ, ಹಣ ಎಣಿಸಿಕೊಂಡ.

ಶಾಲೆಯಿಂದ ಬಂದ ಸುಧಾಮಣಿ ಗೋಡೆ ನೋಡಿದಳು.

"ಅಪ್ಪ, ಸೈಕಲ್ ಎಲ್ಲಿ?"

"ಓವರಾಯಿಲಿಂಗಿಗೆ ಮೈಸೂರ್ಗೆ ಕಳ್ಸಿವ್ನಿ ಕಣಮ್ಮಿ."

"ಮೈಸೂರ್ಗಾ? ನೀನೇ ಮಾಡ್ತಿದ್ದಲ್ಲಪ್ಪ?"

ಅವನು ಮೊಬೈಲಿಗೆ ತಲೆ ಬಗ್ಗಿಸಿದ. ಭಾನುವಾರ ಗೆದ್ದರೆ ಅವಳಿಗೆ ಅದರಪ್ಪನಂಥ ಸೈಕಲ್ ತರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ.

ಭಾನುವಾರ ಸಂಜೆ ಅವನು ಮನೆಯಲ್ಲೇ ಕೂತ. ಕೊನೆಯ ಹಂತ ಎಂದರೆ ಸಪಾಟು ರಸ್ತೆ. ಊರಿಗೆ ಊರೇ ಓಡಿದಂತೆ ಎಲ್ಲ ಸವಾರರೂ ಒಟ್ಟಿಗೆ ಬರುತ್ತಾರೆ. ಕೊನೆಯ ಇನ್ನೂರು ಮೀಟರಿನಲ್ಲಿ ಪ್ರತಿ ತಂಡದ ವೇಗದ ಸವಾರ ಗುಂಪಿನಿಂದ ಸಿಡಿದು ಗೆರೆಯತ್ತ ನುಗ್ಗುತ್ತಾನೆ. ಇದೇ ಸ್ಪ್ರಿಂಟ್. ಅಷ್ಟು ದಿನದ ರೇಸು ಅಲ್ಲಿ ಕ್ಷಣದಲ್ಲಿ ಮುಗಿಯುತ್ತದೆ. ಶಿವಮೂರ್ತಿ ಸೈಕಲ್ ಮಾರಿದ ಹಣವನ್ನೆಲ್ಲ ಹಸಿರು ಅಂಗಿಯ ಒಬ್ಬ ಸವಾರನ ಮೇಲೆ ಕಟ್ಟಿದ್ದ.

ನಾಗರತ್ನ ಸೊಪ್ಪು ಬಿಡಿಸುತ್ತಿದ್ದಳು. ಸುಧಾಮಣಿ ಅಪ್ಪನ ಹಿಂದೆ ನಿಂತು ನೋಡುತ್ತಿದ್ದಳು. ಅವಳಿಗೆ ಬಾಜಿಯ ವಿಚಾರ ಗೊತ್ತಿಲ್ಲ. ರೇಸು ನೋಡುವ ಖುಷಿ ಅಷ್ಟೆ. ಅಪ್ಪನ ಮೆಚ್ಚಿನ ಸವಾರ ಯಾರೆಂದು ಕೇಳಿಕೊಂಡು ಅವಳೂ ಕೂಗುತ್ತಿದ್ದಳು.

"ಬಂದ ಬಂದ! ಹಸಿರು ಅಂಗಿ ಮುಂದೆ ಬಂದ ಕಣಪ್ಪ!"

ಹಸಿರು ಅಂಗಿಯವನು ನಿಜಕ್ಕೂ ಮುಂದೆ ಬಂದಿದ್ದ. ಶಿವಮೂರ್ತಿಯ ಲೆಕ್ಕ ತಪ್ಪಿರಲಿಲ್ಲ. ಆದರೆ ಪಕ್ಕದವನೊಬ್ಬ ಸ್ವಲ್ಪ ವಾಲಿದ. ಒಂದು ಚಕ್ರ ಇನ್ನೊಂದಕ್ಕೆ ತಗುಲಿತು. ಹಸಿರು ಅಂಗಿಯವನು ಗಾಳಿಯಲ್ಲಿ ಎಗರಿ ಡಾಂಬರಿನ ಮೇಲೆ ಬಿದ್ದ. ಅವನ ಮೇಲೆ ಇನ್ನಿಬ್ಬರು ಬಿದ್ದರು. ಮಿಕ್ಕವರು ಗೆರೆ ದಾಟಿ ಹೋದರು.

ಶಿವಮೂರ್ತಿ ಎದ್ದು ನಿಂತು ಕಿರುಚಿದ.

"ಏಳ್ಲಾ! ಎದ್ದೇಳ್ಲಾ ದರಿದ್ರ ನನ್ಮಗನೇ! ತಳ್ಕೊಂಡಾದ್ರೂ ಓಗ್ಲಾ! ನನ್ ದುಡ್ಡೆಲ್ಲ ತಿಂದ್ಬುಟ್ಟಲ್ಲೋ!"

"ಅಪ್ಪ," ಎಂದಳು ಸುಧಾಮಣಿ. "ಅವ್ನು ಅಲ್ಲಾಡ್ತಾ ಇಲ್ಲ ಕಣಪ್ಪ. ರಕ್ತ ಬತ್ತಾ ಅದೆ."

"ಸಾಯ್ಲಿ ಬುಡು!"

ನಾಗರತ್ನಳ ಕೈಯ ಸೊಪ್ಪು ಅಲ್ಲೇ ನಿಂತಿತು.

ಹೋದ ವರ್ಷ ಸುಧಾಮಣಿ ತೆರಕಣಾಂಬಿ ರಸ್ತೆಯಲ್ಲಿ ಬಿದ್ದು ಮೊಣಕೈ ಸುಲಿದುಕೊಂಡಾಗ ಇದೇ ಶಿವಮೂರ್ತಿ ಅಂಗಡಿಯ ಬಾಗಿಲನ್ನೂ ಹಾಕದೆ ಓಡಿದ್ದ. ಈಗ ಮಗಳು ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಅದನ್ನು ಕಂಡ ಶಿವಮೂರ್ತಿ ಮೊಬೈಲು ಕೆಳಗಿಟ್ಟ.

"ಸೈಕಲ್ ಮೈಸೂರ್ಗೆ ಓಗಿಲ್ಲ ಕಣಮ್ಮಿ," ಎಂದ. "ಮಾರ್ಬುಟ್ಟೆ."

ಹುಡುಗಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು. ನಾಗರತ್ನ ಸೊಪ್ಪು ಬಿಟ್ಟು ಎದ್ದಳು.

"ದುಡ್ಡು ಹೋದದ್ದು ಒಂದ್ಕಡೆ ಇರ್ಲಿ. ಅದ ನಾವಿಬ್ರೂ ದುಡಿದೇವು. ಮಗೀಗೆ ಸುಳ್ಳೇಳುದ್ರಲ್ಲ, ಅದ ಎಲ್ಲಿಂದ ತಂದುಕೊಡ್ತೀರಿ?"

ಇಷ್ಟಾದ ಮೇಲೆ ಶಿವಮೂರ್ತಿ ಆಟ ಬಿಟ್ಟ ಎಂದುಕೊಳ್ಳಬೇಡಿ. ಮರುದಿನ ಸಂಜೆ ಮೊಬೈಲಿಗೆ ಸಂದೇಶ ಬಂತು: "ನಿಮಗಾಗಿ ವಿಶೇಷ ಬೋನಸ್." ಸಾಗರನೂ ಬಂದು, "ಇನ್ನೊಂದು ರೇಸ್ ಶುರು ಆಯ್ತದೆ ಅಣ್ಣ, ಒಂದೇ ಏಟ್ಗೆ ಎಲ್ಲಾ ವಾಪಸ್ ತಕ್ಕೊ," ಎಂದ. ಶಿವಮೂರ್ತಿಯ ಹೆಬ್ಬೆರಳು ತಾನಾಗಿಯೇ ಆಪಿನ ಮೇಲೆ ಹೋಯಿತು. ಮನಸ್ಸು ಬೇಡ ಎನ್ನುತ್ತಿದೆ, ಬೆರಳು ಕೇಳುತ್ತಿಲ್ಲ. ಅವನಿಗೆ ತನ್ನ ಬಗ್ಗೆಯೇ ಭಯವಾಯಿತು. ಅಂಗಡಿ ಮುಚ್ಚಿ ನೇರ ಮನೆಗೆ ಬಂದ.

"ನಾಗೂ, ತಹಸೀನಮ್ಮನ ತಾವ ಓಗನ. ನೀನೂ ಬಾ."

ಬೆಳಗ್ಗೆ ಗಂಡ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಕುಡುಕರಿಗೆ ಹೇಳು ಎಂದು ತಾನೇ ನಕ್ಕಿದ್ದು ನೆನಪಾಗಿ ಶಿವಮೂರ್ತಿ ತಲೆ ಎತ್ತಲಿಲ್ಲ. ತಹಸೀನ್ ಆ ಮಾತೇ ಎತ್ತಲಿಲ್ಲ. ಕುರ್ಚಿ ಎಳೆದು ಹತ್ತಿರ ಕೂತಳು.

"ಬಂದ್ರಲ್ಲಣ್ಣ, ಅರ್ಧ ಕೆಲ್ಸ ಆಯ್ತು. ನಾಚ್ಕೋಬೇಡಿ. ಇದು ಕೆಟ್ಟ ಮನುಷ್ಯನ ಲಕ್ಷಣ ಅಲ್ಲ. ಇದೂ ಒಂದು ಚಟ. ಚಟಕ್ಕೆ ಮದ್ದು ಅದೆ."

"ಸೋತದ್ದ ಗೆದ್ದು ಒಂದ್ಸಲ ಸರಿ ಮಾಡ್ಕೊಂಡು ಬುಟ್ಬುಡ್ಲಾ ಅನ್ನಿಸ್ತದೆ ತಾಯಿ."

"ಎಲ್ರಿಗೂ ಹಂಗೇ ಅನ್ಸೋದು. ಅದೇ ಗಾಳ. ಹೋದದ್ದು ಹೋಯ್ತು ಅಂತ ಮೊದ್ಲು ಒಪ್ಕೊಳಿ."

"ಸರ್ಕಾರದೋರು ಇದ್ನ ಬುಟ್ಟವ್ರಲ್ಲ, ಮತ್ತೆ?"

"ಎಲ್ಲಿ ಬಿಟ್ಟವ್ರೆ? ದುಡ್ಡು ಕಟ್ಟಿ ಆಡೋ ಇಂಥ ಆನ್‌ಲೈನ್ ಆಟಗಳು ಬೇಡ ಅಂತ ಕಾನೂನೇ ಬಂದದೆ. ಆದ್ರೂ ಕಳ್ಳದಾರೀಲಿ ಬತ್ತವೆ. ಅವಕ್ಕೆ ವಿಳಾಸವೇ ಇರಲ್ಲ. ನಿಮ್ ದುಡ್ಡು ಕೊಡ್ಲಿಲ್ಲ ಅಂದ್ರೆ ಯಾರ ಮನೆ ಬಾಗ್ಲಿಗೆ ಹೋಗ್ತೀರಾ?"

ಅಲ್ಲೇ ಕೂತು ಆಪು ತೆಗೆಸಿದಳು. ಸಂದೇಶ ಬರುತ್ತಿದ್ದ ನಂಬರುಗಳನ್ನು ಬ್ಲಾಕ್ ಮಾಡಿಸಿದಳು. ಗೆದ್ದ ಹಣ ಕೊಡದೆ ಸತಾಯಿಸಿದ ಬಗ್ಗೆ ಸೈಬರ್ ಸಹಾಯವಾಣಿಗೆ ಫೋನು ಮಾಡಿಸಿದಳು. "ದುಡ್ಡು ಬತ್ತದೆ ಅಂತ ನಾನು ಮಾತು ಕೊಡಲ್ಲ, ಆದ್ರೆ ದೂರು ಕೊಡೋದು ಬಿಡಬಾರ್ದು," ಎಂದಳು. ಮೊಬೈಲಿನಿಂದ ಹಣ ಕಳಿಸುವ ಗುಟ್ಟಿನ ನಂಬರನ್ನು ಬದಲಿಸಿ ಕೆಲವು ತಿಂಗಳು ನಾಗರತ್ನಳೇ ಇಟ್ಟುಕೊಳ್ಳಲಿ ಎಂದಳು.

"ಆಸೆ ಬಂದಾಗ ಏನ್ ಮಾಡ್ಲಿ?"

"ಆಸೆ ಅಲೆ ಇದ್ದಂಗೆ ಅಣ್ಣ. ಏರ್ತದೆ, ಆಮೇಲೆ ಇಳೀತದೆ. ಇಳಿಯೋ ತನಕ ಒಬ್ಬರೇ ಇರಬೇಡಿ. ಕೈಗೆ ಕೆಲ್ಸ ಕೊಡಿ. ತಡೀಲಾರೆ ಅನ್ಸಿದ್ರೆ ನಂಗೆ ಫೋನ್ ಮಾಡಿ."

ಶಿವಮೂರ್ತಿ ಮೊದಲು ಹರವೆಗೆ ಹೋದ. ಮರಿಮಲ್ಲಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಸೈಕಲ್ಲು ತಿರುಗಿ ಕೊಡು, ದುಡಿದು ನಿನ್ನ ಹಣ ತೀರಿಸುತ್ತೇನೆ ಎಂದು ಕೇಳಿದ. ಮರಿಮಲ್ಲಪ್ಪ ನೀರು ಕೊಟ್ಟ, ಸಮಾಧಾನ ಹೇಳಿದ, ಸೈಕಲ್ಲು ಮಾತ್ರ ಕೊಡಲಿಲ್ಲ.

"ನನ್ ಮಗ ಅದ್ರ ಪಕ್ಕದಲ್ಲೇ ಚಾಪೆ ಹಾಸ್ಕೊಂಡು ಮಲಗ್ತಾವ್ನೆ ಕಣಪ್ಪ. ಎಂಗ್ ಕಿತ್ಕೊಳ್ಳನ?"

ಅದೂ ಸರಿಯೇ. ಬರಿಗೈಲಿ ಬಂದ ಶಿವಮೂರ್ತಿ ಅಂಗಡಿಯ ಅಟ್ಟ ಹತ್ತಿ ತುಕ್ಕು ಹಿಡಿದ ಒಂದು ಹಳೇ ಚೌಕಟ್ಟು ಇಳಿಸಿದ. ಸಂಜೆಯ ಹೊತ್ತು, ಮೊಬೈಲು ನೆನಪಾಗುವ ಹೊತ್ತಿಗೆ ಸರಿಯಾಗಿ, ಅದನ್ನು ಉಜ್ಜತೊಡಗಿದ. ಒಂದು ಚಕ್ರ ಇಲ್ಲಿಂದ, ಚೈನು ಅಲ್ಲಿಂದ ಹೊಂದಿಸಿದ. ಜಬ್ಬಾರ್ ಸಾಹೇಬರು ಒಂದು ಜೊತೆ ಟೈರು ಕಳಿಸಿದರು.

ಮೊದಲ ದಿನ ಸುಧಾಮಣಿ ಅಂಗಡಿಯ ಮುಂದೆ ನೋಡಿಯೂ ನೋಡದ ಹಾಗೆ ಹೋದಳು. ಆಮೇಲೊಂದು ಸಂಜೆ ಬಾಗಿಲಲ್ಲಿ ನಿಂತಳು.

"ಹಿಂದ್ಗಡೆ ಚಕ್ರ ವಾಲ್ತಾ ಅದೆ," ಎಂದಳು.

"ಗೊತ್ತು. ನೀನ್ ತಿರುಗ್ಸು, ನಾನು ಕಡ್ಡಿ ಬಿಗೀತೀನಿ."

ಅವಳು ಪುಸ್ತಕದ ಚೀಲ ಕೆಳಗಿಟ್ಟು ಚಕ್ರ ತಿರುಗಿಸಿದಳು. ಚಕ್ರ ನೆಟ್ಟಗಾಯಿತು.

ಅಷ್ಟರಲ್ಲಿ ಹೊಸ ನಂಬರಿನಿಂದ ಮತ್ತೆ ಸಂದೇಶ. ಶಿವಮೂರ್ತಿ ಓದಿದ. ಮಗಳು ನೋಡುತ್ತಿದ್ದಾಳೆ. ಅವನು ಮುಚ್ಚಿಡಲಿಲ್ಲ.

"ಸುಧಾ, ಅದೇ ಬಂದದೆ. ಈ ಮೊಬೈಲ ನಿಮ್ಮವ್ವನ ಕೈಗೆ ಕೊಟ್ಬುಟ್ಟು ಬಾ. ಓಡು."

ಹುಡುಗಿ ಓಡಿದಳು. ಬರುವಾಗ ಇಬ್ಬರಿಗೂ ಟೀ ತಂದಳು.

ಸಾಗರನಿಗೂ ಅವನು ನೇರವಾಗಿ ಹೇಳಿದ: "ಇನ್ಮೇಲೆ ಸೈಕಲ್ ಮಾತಾದ್ರೆ ಬಾ, ಆಪ್ ಮಾತಾದ್ರೆ ಬರ್ಬೇಡ ಕಣ್ಲಾ." ಒಬ್ಬರನ್ನು ಸೇರಿಸಿದರೆ ಆಪಿನವರಿಂದ ತನಗೆ ಇಷ್ಟು ಹಣ ಸಿಗುತ್ತದೆ ಎಂಬ ಆಸೆಗೆ ಸಾಗರ ಹೇಳುತ್ತಿದ್ದನಂತೆ. ಅವನೂ ಕೈ ಸುಟ್ಟುಕೊಂಡಿದ್ದ. ಮುಂದಿನ ವಾರ ತಹಸೀನ್ ಬಳಿ ಹೋದವರಲ್ಲಿ ಅವನೂ ಒಬ್ಬ.

ಚಾಮರಾಜನಗರದ ಸ್ಪರ್ಧೆಯ ದಿನ ರಸ್ತೆಯ ಎರಡೂ ಬದಿ ಜನ. ಶಿವಮೂರ್ತಿ, ನಾಗರತ್ನ ಮುಕ್ತಾಯದ ಗೆರೆಯ ಹತ್ತಿರ ನಿಂತರು. ದೂರದಲ್ಲಿ ಹುಡುಗಿಯರ ಗುಂಪು ಕಾಣಿಸಿತು. ಪಕ್ಕದಲ್ಲಿದ್ದವನೊಬ್ಬ ಮೊಣಕೈಯಿಂದ ತಿವಿದ.

"ನೂರ್ ರೂಪಾಯಿ ಬೆಟ್ಟು. ಕೆಂಪಂಗಿ ಹುಡ್ಗಿ ಗೆಲ್ತಾಳೆ. ಏನಂತೀಯಾ?"

ಶಿವಮೂರ್ತಿ ಅವನ ಕಡೆ ತಿರುಗಲಿಲ್ಲ.

"ಸುಮ್ಕಿರು ಮಾರಾಯ. ನನ್ ಮಗಳು ಬತ್ತಾವ್ಳೆ. ನೋಡಕ್ಕೆ ಬುಡು."

ಸುಧಾಮಣಿ ನಾಲ್ಕನೆಯವಳಾಗಿ ಗೆರೆ ದಾಟಿದಳು. ಪದಕ ಸಿಗಲಿಲ್ಲ. ಬೆವರು ಸುರಿಸುತ್ತಾ, ಏದುಸಿರು ಬಿಡುತ್ತಾ, ನಗುತ್ತಾ ಬಂದಳು. ಶಿವಮೂರ್ತಿಯ ಗಂಟಲು ಕೂಗಿ ಕೂಗಿ ಕಟ್ಟಿಹೋಗಿತ್ತು. ಎಷ್ಟೋ ದಿನದ ಮೇಲೆ ಒಂದು ರೇಸನ್ನು ಅವನು ಕಣ್ಣು ತುಂಬ ನೋಡಿದ್ದ.

ಓದುತ್ತಿರುವ ಅಣ್ಣ, ಅಕ್ಕ, ತಮ್ಮ, ತಂಗಿ, ಆಟವನ್ನು ನೋಡಿ, ಆಡಿ, ಕೂಗಿ ಕುಣಿಯಿರಿ. ಅದರ ಮೇಲೆ ಹಣ ಕಟ್ಟಬೇಡಿ. ಅದು ಕ್ರಿಕೆಟ್ಟಾಗಲಿ, ಸೈಕಲ್ ರೇಸಾಗಲಿ, ನಿಮಗೆ ಎಷ್ಟೇ ತಿಳಿದಿರಲಿ, ಆಪು ನಡೆಸುವವನು ನಿಮ್ಮನ್ನು ಗೆಲ್ಲಿಸಲು ಕೂತಿಲ್ಲ. ಈಗಾಗಲೇ ಸಿಕ್ಕಿಕೊಂಡಿದ್ದರೆ ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿಬಿಡಿ. ಮನಸ್ಸು ಹತೋಟಿಗೆ ಬರುತ್ತಿಲ್ಲ ಎಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆನ್‌ಲೈನಿನಲ್ಲಿ ಮೋಸವಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ. ನಿಮ್ಮ ಮನೆಯವರೇ ಸಿಕ್ಕಿಕೊಂಡಿದ್ದರೆ ಬೈದು ದೂರ ತಳ್ಳಬೇಡಿ, ನಾಗರತ್ನಳ ಹಾಗೆ ಜೊತೆಗೆ ಹೋಗಿ ಆ ಬೆಂಚಿನ ಮೇಲೆ ಕೂತುಕೊಳ್ಳಿ.