ಹುಂಜ ಕೂಗಿದ ಗಳಿಗೆ

"ಇವತ್ತು ಆಗಲ್ಲ ಕಣೇ. ದೆವ್ವ ಪೂರ್ವದಲ್ಲಿ ಅಡ್ಡಾಡೋ ದಿನ. ಅಂಗಡಿ ಇರೋದೂ ಪೂರ್ವಕ್ಕೇ," ಎಂದ ದು-ಚಿಲ್, ಮರದ ಜಗಲಿಯಿಂದ ಅರ್ಧ ಗೇಣೂ ಕದಲದೆ.

ಕೊರಿಯಾದ ತೊಂಗ್‌ಯೊಂಗ್ ಬಂದರಿನಲ್ಲಿ ಹಣೆಬರಹ ನಂಬದ ಬೆಸ್ತನಿಲ್ಲ. ಆದರೆ ಅದನ್ನೇ ದಿಂಬು ಮಾಡಿಕೊಂಡು ಮಲಗಿದವನು ಇಡೀ ಭೂಮಂಡಲದಲ್ಲಿ ಇವನೊಬ್ಬನೇ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಕೂಡಿಸಿ ಜೋಯಿಸನೊಬ್ಬ, 'ಕೋಳಿ ಕೂಗೋ ಹೊತ್ತಿಗೆ ಹುಟ್ಟಿದವನು, ಕೈ ಹಾಕಿದ್ದೆಲ್ಲ ಮುಳುಗುತ್ತೆ' ಅಂದಿದ್ದನಂತೆ. ಅಂದಿನಿಂದ ಈ ಮಹಾನುಭಾವ ಅನ್ನದ ಬಟ್ಟಲೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಿಲ್ಲ. ಬಟ್ಟಲು ಇನ್ನೂ ಮುಳುಗಿಲ್ಲ.

ಹೆಂಡತಿ ಓಕ್-ಬುನ್ ಕಂಡವರ ಶೆಡ್ಡಿನಲ್ಲಿ ಸಿಂಪಿ ಬಿಡಿಸುತ್ತಲೇ ಕೂದಲು ನರೆಸಿಕೊಂಡವಳು. ಅವಳು ಬಿಸಾಕಿದ ಚಿಪ್ಪುಗಳನ್ನು ಪೇರಿಸಿದ್ದರೆ ಬಂದರಿನೆದುರು ಇನ್ನೊಂದು ದ್ವೀಪವೇ ಎದ್ದಿರುತ್ತಿತ್ತು. ಈಗ ಮೂಲೆಯ ಸಿಂಪಿಗಂಜಿ ಅಂಗಡಿ ಖಾಲಿಯಾಗಿತ್ತು. ಸಂಜೆಯೊಳಗೆ ಒಲೆ ಹಚ್ಚಿದರೆ ನಿನಗೆ, ಇಲ್ಲದಿದ್ದರೆ ಪಕ್ಕದ ಮೀನಿನವಳಿಗೆ ಎಂದಿದ್ದ ಅದರ ಯಜಮಾನ.

"ಗಂಡನ ಗ್ರಹಗತಿ ಮೀರಿದ್ರೆ ಮನೆ ಹಾಳು," ದು-ಚಿಲ್ ಆಕಳಿಸಿದ. "ಕೋಳಿ ಕೂಗೋ ಗಳಿಗೇಲಿ ಹುಟ್ಟಿದ್ದು ನನ್ನ ತಪ್ಪಾ? ನೀನೇ ಹೇಳಮ್ಮ."

ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದಿ ತಾಯಿ ತಲೆಯೆತ್ತಲಿಲ್ಲ. "ಕೋಳಿ ಕೂಗಿದ್ದೇನೋ ನಿಜ ಕಣಪ್ಪ. ಆದ್ರೆ ನಮ್ಮ ಹುಂಜಕ್ಕೆ ತಲೆ ಕೆಟ್ಟಿತ್ತು. ನಡುಮಧ್ಯಾಹ್ನ ಕೂಗೋದು, ಬೀದಿನಾಯಿ ಕೆಮ್ಮಿದ್ರೂ ಕೂಗೋದು. ಆವಾಗ ಬಿಸಿಲಿತ್ತೋ ಕತ್ತಲಿತ್ತೋ ಯಾವಳು ನೋಡಿದ್ಲು? ನಾನು ಹೆರ್ತಿದ್ದೆ."

ಓಕ್-ಬುನ್‌ಳ ಬಾಯಿ ತೆರೆದೇ ಉಳಿಯಿತು. "ಅಂದ್ರೆ ಅತ್ತೆ, ಇಷ್ಟು ವರ್ಷ ನಾನು ದುಡಿದು ಹಾಕಿದ್ದು ಒಂದು ಹುಚ್ಚು ಹುಂಜದ ಮಾತಿಗಾ?"

"ಹುಂಜಾನ ಆಮೇಲೆ ಸಾರು ಮಾಡ್ಕೊಂಡು ತಿಂದ್ವಿ. ಇವನನ್ನ ಏನ್ ಮಾಡೋದು?"

"ಕೇಳಿಸ್ತಲ್ಲ, ಏಳಿ ಮತ್ತೆ! ಆ ದೊಡ್ಡ ಪಾತ್ರೆ ಎತ್ಕೊಳ್ಳಿ," ಎಂದಳು ಓಕ್-ಬುನ್.

ದು-ಚಿಲ್ ಕಣ್ಣು ಮುಚ್ಚಿ ಯೋಚಿಸಿದ. ಬುದ್ಧನೂ ಅಷ್ಟು ಆಳಕ್ಕೆ ಇಳಿದಿರಲಾರ. ಕೊನೆಗೆ ಬಂದರಿನ ದೋಣಿಗಳೆಲ್ಲ ಅಲುಗುವಂಥ ನಿಟ್ಟುಸಿರೊಂದನ್ನು ಬಿಟ್ಟ.

"ತಪ್ಪು ಗಳಿಗೆ ಹೊತ್ಕೊಂಡು ಬದುಕೋದು... ಅದೂ ನನ್ನ ಹಣೆಬರಹಾನೇ ಕಣೇ."

ಓಕ್-ಬುನ್ ಎದ್ದು ಅಡುಗೆಮನೆಗೆ ಹೋದಳು. ಊರ ಪದ್ಧತಿಯಂತೆ ಹೊಸ ಜಾಗಕ್ಕೆ ಮೊದಲು ಹೋಗಬೇಕಾದದ್ದು ಅನ್ನದ ಕುಕ್ಕರ್. ಪ್ಲಗ್ ಕಿತ್ತು, ಇನ್ನೂ ಬಿಸಿಯಿದ್ದ ಅದನ್ನು ಸೊಂಟಕ್ಕೇರಿಸಿಕೊಂಡಳು. ಅತ್ತೆ ನೆಲಕ್ಕೆ ಕೈಯೂರಿ ಎದ್ದು, ಬೆಳ್ಳುಳ್ಳಿ ಬುಟ್ಟಿ ಹಿಡಿದು ಹಿಂದೆಯೇ ಹೊರಟಳು. ಇಬ್ಬರೂ ನೇರ ಪೂರ್ವಕ್ಕೆ ನಡೆದರು.

"ನನ್ನ ಊಟ?" ದು-ಚಿಲ್ ಕೂಗಿದ. ಬೀದಿಯಲ್ಲಿ ಯಾರೂ ತಿರುಗಲಿಲ್ಲ.

ಅವನು ಎದ್ದು ಒಳಗೆ ಬಂದ. ಹೊಗೆಗೆ ಹಳದಿಗಟ್ಟಿದ ಕಟ್ಟೆಯ ಮೇಲೆ ಕುಕ್ಕರ್ ಇದ್ದ ಜಾಗ ಮಾತ್ರ ದುಂಡಗೆ, ಬೆಳ್ಳಗೆ ಉಳಿದಿತ್ತು. ಚಮಚ ಹಿಡಿದು ಅದರ ಮುಂದೆ ಕೂತ.