ಮೂವತ್ತೊಂಬತ್ತು ಕಟ್ಟಡಗಳ ನೆಲ

ಸಂಗಣ್ಣನಿಗೆ ಸೊಟ್ಟ ಕಂಡರೆ ಆಗುತ್ತಿರಲಿಲ್ಲ. ಹೋಟೆಲಿಗೆ ಹೋದರೆ ಜನ ಮೊದಲು ತಿಂಡಿಯ ಬೋರ್ಡು ನೋಡುತ್ತಾರೆ, ಇವನು ನೆಲ ನೋಡುತ್ತಿದ್ದ. ಟೈಲ್ಸಿನ ಸಾಲು ಒಂದು ಕೂದಲೆಳೆ ಆಚೀಚೆ ಆಗಿದ್ದರೂ ಅವನಿಗೆ ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಮ್ಮೆ ಹೈದರಾಬಾದಿನ ಕೋಠಿಯ ಹೋಟೆಲೊಂದರಲ್ಲಿ ತಂದಿಟ್ಟ ಪೂರಿ ಹಾಗೇ ಬಿಟ್ಟು ಎದ್ದುಬಂದಿದ್ದ. ನೆಂಟರ ಮದುವೆಗೆ ಹೋಗಿ ಬಂದಾಗ ಹುಡುಗಿ ಹೇಗಿದ್ದಾಳೆ ಎಂದು ಯಾರೋ ಕೇಳಿದರೆ, ಕಲ್ಯಾಣಮಂಟಪದ ಮೆಟ್ಟಿಲು ಸರಿಯಿಲ್ಲ ಎಂದು ಹೇಳಿದ ಮಹಾನುಭಾವ.

ಶಹಾಪುರದ ಕಡೆಯಿಂದ ಹೈದರಾಬಾದಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಆಗ ಮಣ್ಣು ಹೊರುವ ಕೂಲಿ, ಈಗ ಟೈಲ್ಸ್ ಕೂಡಿಸುವುದರಲ್ಲಿ ಹೆಸರಾದ ಕೈ. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲಂತೂ ಅವನಿಗೆ ಪುರುಸೊತ್ತೇ ಇರಲಿಲ್ಲ. ಕಂಪ್ಯೂಟರಿನ ಹುಡುಗ ಹುಡುಗಿಯರು ಬೂಟು ಹಾಕಿಕೊಂಡು ಟಕಟಕ ನಡೆಯುವ ಎಷ್ಟೋ ನೆಲ ಸಂಗಣ್ಣ ಮೊಣಕಾಲೂರಿ ಕೂಡಿಸಿದ್ದು. ಅವನ ಹೆಂಡತಿ ಬಂಡೆಮ್ಮ ಅದೇ ಕಟ್ಟಡಗಳಲ್ಲಿ ಉಸುಕು ಹೊತ್ತಿದ್ದಳು.

ಈಗ ಬೋರಬಂಡಾದ ಗಲ್ಲಿಯೊಂದರಲ್ಲಿ ಅವರದೇ ಎರಡು ಕೋಣೆಯ ಮನೆ ಎದ್ದಿತ್ತು. ಗೋಡೆಯಾಯಿತು, ಸೂರಾಯಿತು, ಉಳಿದದ್ದು ನೆಲ. ಸಂಗಣ್ಣ ತಲೆಯಲ್ಲಿ ಎಂದೋ ಗಟ್ಟಿ ಮಾಡಿಕೊಂಡಿದ್ದ: ಇಡೀ ಮನೆಗೆ ಹಾಲಿನ ಬಣ್ಣದ ಟೈಲ್ಸು, ಬಾಗಿಲಿಂದ ಹಿತ್ತಿಲವರೆಗೆ ಒಂದೇ ಸಾಲು. ಅದನ್ನು ವೀರಭದ್ರಪ್ಪ ಮೇಸ್ತ್ರಿ ಬಂದು ನೋಡಬೇಕು. ಮೇಸ್ತ್ರಿ ಇವನಿಗೆ ಕೆಲಸ ಕಲಿಸಿದವರು. ಇಷ್ಟು ವರ್ಷದಲ್ಲಿ ಒಂದು ಸಲವೂ ಇವನ ಎದುರು 'ಚಲೋ ಮಾಡಿದಿ' ಎಂದವರಲ್ಲ. ಆ ಎರಡು ಮಾತಿಗಾಗಿ ಸಂಗಣ್ಣ ಒಳಗೊಳಗೇ ಹಸಿದಿದ್ದ. ಈಗ ಮೇಸ್ತ್ರಿಗೆ ಎಪ್ಪತ್ತೈದು, ಸಿಕಂದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದರು. ಇನ್ನು ಕಾದರೆ ಆಗದು.

ಆದರೆ ಬಂಡೆಮ್ಮ ಮಂಚದ ಕೆಳಗಿನಿಂದ ಗೋಣಿಚೀಲ ಎಳೆದಳು.

ಆ ಚೀಲದ ಸಂಗತಿ ಸಂಗಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ಕಟ್ಟಡದ ಕೆಲಸ ಮುಗಿದಾಗಲೂ ಅವಳು ಒಡೆದ ಟೈಲ್ಸಿನ ಒಂದು ತುಂಡನ್ನು ಕೇಳಿ ಇಟ್ಟುಕೊಳ್ಳುತ್ತಿದ್ದಳು. ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಸಂಸಾರ ಎತ್ತಿದಾಗಲೆಲ್ಲ ಚೀಲವೂ ಜೊತೆಗೆ ಬರುತ್ತಿತ್ತು. ಮಂದಿ ಪಾತ್ರೆ ಹೊತ್ತು ತಿರುಗಿದರೆ ನನ್ನ ಹೆಂಡತಿ ಕಲ್ಲು ಹೊತ್ತು ತಿರುಗುತ್ತಾಳೆ ಎಂದು ಅವನು ಊರೆಲ್ಲ ಹೇಳಿ ನಗುತ್ತಿದ್ದ. ಈಗ ನಗು ಬರಲಿಲ್ಲ.

"ಪಡಸಾಲಿ ನಡಕ ಇವನ್ನ ಕೂಡಸ್ರಿ," ಎಂದಳು ಬಂಡೆಮ್ಮ. "ಒಂದು ಜಮಖಾನದಷ್ಟು ಜಾಗ ಸಾಕು. ಸುತ್ತ ನಿಮ್ಮ ಹಾಲಿನ ಬಣ್ಣ ಹಾಕ್ಕೋರಿ."

"ಹುಚ್ಚು ಹಿಡದೈತೇನ ನಿನಗ? ಒಂದು ಕೆಂಪು, ಒಂದು ಹಸರು, ಒಂದು ದಪ್ಪ, ಒಂದು ತೆಳ್ಳಗ. ಸಾಲು ಎಲ್ಲಿಂದ ತರ್ಲಿ? ಮೇಸ್ತ್ರಿ ನೋಡಿದ್ರ ಮುಖಕ್ಕ ಉಗೀತಾರ."

"ಮೂವತ್ತೊಂಬತ್ತು ಕಟ್ಟಡದಾಗ ಮಂದಿ ಹೇಳಿದಂಗ ಮಾಡೀರಿ. ನಲವತ್ತನೇದ್ರಾಗ ನಾ ಹೇಳಿದಂಗ ಮಾಡ್ರಿ."

ಸಂಗಣ್ಣ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಮೂರನೆಯ ದಿನ ಗಾರೆ ಕಲಸಿದ.

ಕೂತ ಮೇಲೆ ಕೆಲಸ ಅವನನ್ನು ಹಿಡಿದುಕೊಂಡಿತು. ತೆಳ್ಳಗಿನ ತುಂಡಿಗೆ ಹೆಚ್ಚು ಗಾರೆ, ದಪ್ಪದ್ದಕ್ಕೆ ಕಡಿಮೆ. ಒಂದೊಂದನ್ನೂ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಬೆರಳ ಗೆಣ್ಣಿನಿಂದ ಬಡಿದು, ಪೊಳ್ಳು ಸದ್ದು ಬಂದರೆ ಎಬ್ಬಿಸಿ ಮತ್ತೆ ಕೂಡಿಸಿದ. ಬಂಡೆಮ್ಮ ತುಂಡು ಕೊಡುತ್ತ ಹೆಸರು ಹೇಳುತ್ತಿದ್ದಳು. ಇದು ನಾಂಪಲ್ಲಿಯ ವಕೀಲರ ಮನೆ, ಮಗಳು ದಾನೇಶ್ವರಿ ಹೊಟ್ಟೆಯಲ್ಲಿದ್ದಾಗಿನದು. ಇದು ದವಾಖಾನೆ, ಅಲ್ಲಿ ನಿಮ್ಮ ಕಾಲಿಗೆ ಮೊಳೆ ಹೊಕ್ಕಿತ್ತು. ಈ ಕರಿಯದು ಸಾಹುಕಾರರ ಬಂಗಲೆ, ಆ ಅಮ್ಮ ನಮ್ಮ ಮಗುವಿಗೆ ಹಾಲು ಕಾಯಿಸಿ ಕೊಡುತ್ತಿದ್ದಳು. ದಾನೇಶ್ವರಿ ಹೈಟೆಕ್ ಸಿಟಿಯ ಕಾಲ್ ಸೆಂಟರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಅವಳು ಬೂದು ಬಣ್ಣದ ಒಂದು ತುಂಡು ನೋಡಿ ಕೂಗಿಯೇಬಿಟ್ಟಳು.

"ಅಪ್ಪಾ, ಇದು ನಮ್ಮ ಆಫೀಸಿನ ಕ್ಯಾಂಟೀನಿಂದು! ನಾ ದಿನಾ ಇದರ ಮ್ಯಾಲ ನಿಂತು ಚಾ ಕುಡೀತೀನಿ!"

ಸಂಗಣ್ಣ ಆ ತುಂಡನ್ನು ಅಂಗೈಯಿಂದ ಎರಡು ಸಲ ಒರೆಸಿದ. ಖುಷಿಯಾಗಿತ್ತು. ಆದರೆ ಹಾಗೆಂದು ಹೇಳಿದರೆ ಹೆಂಡತಿ ಗೆದ್ದಂತಾಗುತ್ತದಲ್ಲ, ಮುಂದಿನ ತುಂಡಿಗೆ ಕೈ ಚಾಚಿದ.

ಮೂವತ್ತೆಂಟು ತುಂಡು ಕೂತವು. ನಟ್ಟನಡುವೆ ಒಂದು ಅಂಗೈ ಅಗಲದ ಜಾಗವನ್ನು ಬಂಡೆಮ್ಮ ಖಾಲಿ ಬಿಡಿಸಿದಳು.

"ಇದರ ತುಂಡು ಎಲ್ಲೈತಿ?"

"ನನ್ನ ಟ್ರಂಕಿನ್ಯಾಗ ಐತಿ. ವಾಸ್ತುಶಾಂತಿ ದಿನ ಮೇಸ್ತ್ರಿ ಕೈಲೆ ಕೂಡ್ಸೋದು. ಕಡೀದು ಹಿರೇರ ಕೈಲೇ ಆಗ್ಬೇಕಲ್ರಿ."

ಕೊನೆಯ ಕಲ್ಲು ಹಿರಿಯ ಮೇಸ್ತ್ರಿಯ ಕೈಯಲ್ಲಿ ಕೂರಬೇಕೆಂಬುದು ಅವರ ಕಸುಬಿನ ಪದ್ಧತಿ, ಬೇಡವೆನ್ನುವಂತಿರಲಿಲ್ಲ. ಆದರೆ ಮೇಸ್ತ್ರಿ ಸುಮ್ಮನೆ ಬಂದು ಉಂಡು ಹೋಗುವುದು ಬೇರೆ, ಈ ಕಲಬೆರಕೆಯ ನಡುವೆ ಬಂದು ಕೂರುವುದು ಬೇರೆ.

ವಾಸ್ತುಶಾಂತಿಯ ಹಿಂದಿನ ದಿನ ಅವನು ಯಾರಿಗೂ ಹೇಳದೆ ಕೋಠಿಗೆ ಹೋಗಿ ಒಂದು ಜಮಖಾನ ತಂದ. ಮರುದಿನ ಬೆಳಿಗ್ಗೆ ಪೂಜೆ ಮುಗಿದು ಹೋಳಿಗೆಯ ವಾಸನೆ ಮನೆ ತುಂಬಿದಾಗ, ನಡುವಿನ ಚೌಕದ ಮೇಲೆ ಅದನ್ನು ಅಚ್ಚುಕಟ್ಟಾಗಿ ಹಾಸಿದ. ಮೇಸ್ತ್ರಿ ಬಂದರೆ ಸುತ್ತಲಿನ ಸಾಲು ನೋಡಲಿ, ಇದರ ಮೇಲೆ ಕೂತು ಉಣ್ಣಲಿ, ಕಡೆಯ ಕಲ್ಲಿನ ಮಾತು ಮಾತಿನಲ್ಲೇ ಮರೆತುಹೋಗಲಿ ಎಂಬುದು ಅವನ ಲೆಕ್ಕಾಚಾರ. ಬಂಡೆಮ್ಮ ಅಡುಗೆಮನೆಯಿಂದ ಇಣುಕಿ ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗಲೇ ಸಂಗಣ್ಣನಿಗೆ ಹೆಚ್ಚು ಹೆದರಿಕೆ.

ಮೇಸ್ತ್ರಿ ಆಟೋದಿಂದ ಇಳಿದರು. ಬಿಳಿ ಧೋತರ, ಕೈಯಲ್ಲಿ ಬೆತ್ತ. ಕಣ್ಣಿನ ಆಪರೇಷನ್ ಆಗಿದ್ದರೂ ನೋಟ ಹಳೆಯದೇ. ಬಾಗಿಲಲ್ಲಿ ನಿಂತು ಹಾಲಿನ ಬಣ್ಣದ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ 'ಹ್ಞೂಂ' ಎಂದರು. ಅಷ್ಟೇ. ಅವರು ಒಳಗೆ ಬಂದರು, ಕೂರಲಿಲ್ಲ. ಬೆತ್ತದ ತುದಿಯಿಂದ ಜಮಖಾನದ ಅಂಚು ಎತ್ತಿದರು.

"ನೆಲಕ್ಯಾಕ ಹೊದಿಸೀಯೋ ಸಂಗ್ಯಾ? ಚಳಿ ಆಗೈತೇನು ಅದಕ್ಕ?"

ದಾನೇಶ್ವರಿ ಕಿಸಕ್ಕೆಂದಳು. ಬಂಡೆಮ್ಮ ಬಂದು ಜಮಖಾನವನ್ನು ಸರಸರ ಸುತ್ತಿ ಮೂಲೆಗಿಟ್ಟಳು. ಕೆಂಪು, ಹಸಿರು, ಕಪ್ಪು, ಬೂದು, ಎಲ್ಲ ಒಮ್ಮೆಲೇ ಬೆಳಕಿಗೆ ಬಂದವು. ಮೇಸ್ತ್ರಿ ಬೆತ್ತ ಬದಿಗಿಟ್ಟು, ಮೊಣಕಾಲು ಹಿಡಿದು, ನಿಧಾನವಾಗಿ ಕೆಳಗೆ ಕೂತರು. ಅಂಗೈಯಿಂದ ನೆಲ ಸವರಿದರು. ಒಂದು ತುಂಡಿನಿಂದ ಇನ್ನೊಂದಕ್ಕೆ ಕೈ ಎಲ್ಲೂ ತಡೆಯಲಿಲ್ಲ. ಗೆಣ್ಣಿನಿಂದ ಅಲ್ಲಲ್ಲಿ ಬಡಿದರು. ಎಲ್ಲಿಯೂ ಪೊಳ್ಳಿರಲಿಲ್ಲ. ಅವರು ನಡುವಿನ ಖಾಲಿ ಜಾಗಕ್ಕೆ ಬೆರಳು ಮಾಡಿದರು.

ಬಂಡೆಮ್ಮ ಟ್ರಂಕು ತೆರೆದು, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ್ದ ಗಂಟನ್ನು ತಂದು ಬಿಚ್ಚಿದಳು. ಸಂಗಣ್ಣ ಅದನ್ನು ಕಂಡಕೂಡಲೇ ಗುರುತಿಸಿದ.

ಅದು ಸಿಮೆಂಟಿನ ಹಳೆಯ ಹೂವಿನ ಟೈಲು, ಮೂಲೆ ಮುಕ್ಕಾಗಿತ್ತು. ಅಂಥ ನಾಲ್ಕು ಕೂಡಿದರೆ ಒಂದು ಹೂವು. ಒಂದರಲ್ಲಿ ಒಂದೇ ಎಸಳು. ಸಿಕಂದರಾಬಾದಿನ ಮಾರೇಡಪಲ್ಲಿಯ ಒಂದು ದೊಡ್ಡ ಮನೆ, ಸಂಗಣ್ಣ ಮೊದಲ ಸಲ ಟೈಲು ಮುಟ್ಟಿದ ದಿನ. ಒಂದು ಎಸಳನ್ನು ತಿರುವುಮುರುವು ಕೂಡಿಸಿದ್ದ. ಮೇಸ್ತ್ರಿ ಇಪ್ಪತ್ತು ಆಳುಗಳ ಮುಂದೆ ಅದನ್ನು ಅವನ ಕೈಯಿಂದಲೇ ಕೀಳಿಸಿ ಆಚೆಗೆ ಎಸೆಯಿಸಿದ್ದರು. ಅಂದಿನಿಂದಲೇ ಅವನಿಗೆ ಸೊಟ್ಟದ ಮೇಲೆ ಈ ಹಗೆ.

"ಇದನ್ಯಾಕ ಇಟಗೊಂಡಿದ್ದಿ?" ಎಂದು ಕೇಳಿದ ಸಂಗಣ್ಣ.

"ನಾ ಅವತ್ತು ಅಲ್ಲೇ ಉಸುಕು ಹೊರಾಕತ್ತಿದ್ದೆ. ಬ್ಯಾರೆ ಹುಡುಗೂರು ಆಗಿದ್ರ ಸಿಟ್ಟು ಮಾಡ್ಕೊಂಡು ಓಡಿಹೋಗ್ತಿದ್ರು. ನೀವು ಕಣ್ಣು ಒರಸ್ಕೊಂಡು ಇನ್ನೊಂದು ಟೈಲು ತಂದು ಮತ್ತ ಕುಂತ್ರಿ. ಕೆಟ್ಟಿದ್ದು ಸರಿ ಮಾಡಾಕ ಬರೋ ಗಂಡಸು ಇವನಽ, ಮಾಡ್ಕೊಂಡ್ರ ಇವನ್ನಽ ಮಾಡ್ಕೋಬೇಕು ಅನ್ಕೊಂಡೆ."

ವಾಸ್ತುಶಾಂತಿಗೆ ಬಂದಿದ್ದ ಗಲ್ಲಿಯ ಹೆಂಗಸರೆಲ್ಲ ಓ ಎಂದರು. ಸಂಗಣ್ಣನ ಕಿವಿ ಕೆಂಪಗಾದವು. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮಾತು ಅವನು ಕೇಳಿದ್ದು ಇದೇ ಮೊದಲು. ತನ್ನ ದೊಡ್ಡ ಅವಮಾನ ಎಂದುಕೊಂಡಿದ್ದನ್ನು ಇವಳು ತಾಳಿಯಷ್ಟು ಜೋಪಾನ ಮಾಡಿದ್ದಳು. ಅವನಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಮುಚ್ಚಿಕೊಳ್ಳಲು ಗಾರೆ ಕಲಸಲು ಓಡಿದ.

ಮೇಸ್ತ್ರಿ ಎಸಳಿಗೆ ಅರಿಷಿಣ ಕುಂಕುಮ ಹಚ್ಚಿದರು. ಗಾರೆ ಹರಡಿ ಅದನ್ನು ಜಾಗಕ್ಕೆ ಇಳಿಸಿದರು. ಆದರೆ ಕೈ ನಡುಗುತ್ತಿತ್ತು. ಟೈಲು ಕೂತಿತು, ಸೊಟ್ಟ ಕೂತಿತು. ಅರ್ಧ ಬೆರಳಿನಷ್ಟು. ಗಾರೆ ಇನ್ನೂ ಹಸಿ, ಸುತ್ತಿಗೆಯ ಎರಡು ಪೆಟ್ಟು ಹಾಕಿದರೆ ಸರಿಹೋಗುತ್ತಿತ್ತು. ಸಂಗಣ್ಣನ ಕೈ ತಾನಾಗಿ ಸುತ್ತಿಗೆಯ ಕಡೆಗೆ ಹೋಯಿತು, ಹಿಡಿಯನ್ನು ಹಿಡಿಯಿತು. ಆಮೇಲೆ ಬಿಟ್ಟಿತು.

"ಸರಿ ಕುಂತೈತೇನೋ?" ಎಂದರು ಮೇಸ್ತ್ರಿ.

ಸಂಗಣ್ಣ ಬೇರೆ ಏನು ಬೇಕಾದರೂ ಸುಳ್ಳು ಹೇಳಬಲ್ಲ, ಈ ವಿಷಯದಲ್ಲಿ ಹೇಳಲಾರ.

"ಇಲ್ರಿ ಮೇಸ್ತ್ರಿ. ಅರ್ಧ ಬೆರಳು ಸೊಟ್ಟ ಐತ್ರಿ."

"ಮತ್ತ ಕೀಳು."

"ಕೀಳಂಗಿಲ್ರಿ."

ಮೇಸ್ತ್ರಿ ತಲೆ ಎತ್ತಿದರು. ಅವರ ಮಾತಿಗೆ ಸಂಗಣ್ಣ ಎದುರಾಡಿದ್ದು ಅದೇ ಮೊದಲು.

"ಇಷ್ಟು ವರ್ಷ ಮಂದಿ ಮನಿಗಿ ಸಾಲು ಹಿಡದೀನ್ರಿ. ಇದು ನಮ್ಮ ಮನಿ ಐತ್ರಿ. ನಿಮ್ಮ ಕೈ ಹೆಂಗ ಇಟ್ಟೈತೋ ಹಂಗಽ ಇರ್ಲಿ."

ಮೇಸ್ತ್ರಿ ಗಾರೆ ಮೆತ್ತಿದ ಕೈಯಿಂದಲೇ ಅವನ ಬೆನ್ನಿಗೆ ರಪ್ಪನೆ ಒಂದು ಬಡಿದರು. ಹೊಸ ಅಂಗಿಯ ಮೇಲೆ ಐದು ಬೆರಳೂ ಮೂಡಿದವು.

"ಭಾಳ ಚಲೋ ಮಾಡಿದಿ," ಎಂದರು.

ಊಟಕ್ಕೆ ಎಲೆ ಹಾಕುವಾಗ ದಾನೇಶ್ವರಿ ಅಪ್ಪನ ಎಲೆಯನ್ನು ಗೋಡೆಯ ಕಡೆಗೆ, ಸಾಲು ನೆಟ್ಟಗಿದ್ದ ಜಾಗದಲ್ಲಿ ಹಾಕಿದಳು. ಸಂಗಣ್ಣ ಅದನ್ನು ತಾನೇ ಎತ್ತಿ ತಂದು ಆ ಸೊಟ್ಟ ಎಸಳಿನ ಪಕ್ಕದಲ್ಲಿ ಹಾಸಿಕೊಂಡು ಕೂತ. ಬಂಡೆಮ್ಮ ಬಡಿಸುತ್ತ ಬಂದಾಗ ಒಂದು ಸಲವೂ ಸಾಕು ಅನ್ನಲಿಲ್ಲ. ಆ ಎಸಳನ್ನೇ ನೋಡುತ್ತ ಆರು ಹೋಳಿಗೆ ತಿಂದ.